ಟೀ ಅಂಗಡಿಯಲ್ಲಿ ಕೊಟ್ಟ ಲಗ್ನಪತ್ರಿಕೆ

ಮೊಣಕಾಲು ನೋವು ಎಂದು ಹೋದರೆ ಡಾಕ್ಟರು ಸೈಕಲ್ ತುಳಿಯಿರಿ ಎಂದರು. ನನಗೆ ನಗು ಬಂತು. ಈ ಮೊಣಕಾಲು ಕೆಟ್ಟಿದ್ದೇ ಸೈಕಲ್ ತುಳಿದು ಎಂದು ಹೇಳಲು ಹೋಗಲಿಲ್ಲ, ಹೇಳಿದರೆ ಅದಕ್ಕೂ ಒಂದು ಎಕ್ಸ್‌ರೇ ಬರೆಯುತ್ತಿದ್ದರು. ಮಗಳು ಮರುದಿನವೇ ಒಂದು ಸೈಕಲ್ ತರಿಸಿದಳು. ಅದಕ್ಕೆ ಚಕ್ರವಿಲ್ಲ. ನಡುಮನೆಯಲ್ಲಿ ನಿಂತಲ್ಲೇ ನಿಂತಿರುತ್ತದೆ. ಹತ್ತಿ ತುಳಿದರೆ ಎದುರಿಗಿರುವ ಪುಟ್ಟ ಗಾಜಿನಲ್ಲಿ ಇಷ್ಟು ಕಿಲೋಮೀಟರು ಆಯಿತು ಎಂದು ತೋರಿಸುತ್ತದೆ. ಮೊದಲ ದಿನ ಎರಡು ಕಿಲೋಮೀಟರು ತುಳಿದು, ಏದುಸಿರು ಬಿಡುತ್ತಾ ಇಳಿದು ನೋಡಿದರೆ ಅದೇ ನಡುಮನೆ, ಅದೇ ಟೀವಿ. "ಎಲ್ಲಿವರ್ಗೂ ಹೋಗಿದ್ರಿ?" ಎಂದಳು ಹೆಂಡತಿ, ಅವರೆಕಾಯಿ ಸುಲಿಯುತ್ತಾ.

ಮೂರನೆಯ ದಿನಕ್ಕೆ ಅದರ ಸೀಟು ಅಲ್ಲಾಡತೊಡಗಿತು. ಒಂದು ನಟ್ಟು ಬೇಕಾಗಿತ್ತು. ಇಂಥ ಸಣ್ಣಪುಟ್ಟ ಸಾಮಾನೆಲ್ಲ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿರುತ್ತವೆ. ನಟ್ಟು ಹುಡುಕಲು ಹೋದವನ ಕೈಗೆ ಒಂದು ಸಣ್ಣ ಅಲ್ಯೂಮಿನಿಯಂ ಡಬ್ಬಿ ಸಿಕ್ಕಿತು. ಒಂದು ಪಕ್ಕ ನೆಗ್ಗಿದೆ, ಮುಚ್ಚಳ ಈಗಲೂ ಸರಿಯಾಗಿ ಕೂರುವುದಿಲ್ಲ. ಒಳಗೆ ಎರಡು ಮೊಳೆ, ಗಟ್ಟಿಯಾಗಿಹೋದ ವಾಲ್ವ್ ಟ್ಯೂಬಿನ ಒಂದು ತುಂಡು. ಉಗುರಿನಿಂದ ಅಂಚು ಕೆರೆದರೆ ಉಗುರು ಕೆಂಪಾಯಿತು. ಅದು ನಮ್ಮಮ್ಮನ ಕುಂಕುಮದ ಡಬ್ಬಿ. ಅದನ್ನು ಹಿಡಿದುಕೊಂಡು ಅಲ್ಲೇ ಏಣಿಯ ಮೇಲೆ ಕೂತುಬಿಟ್ಟೆ. ಏಣಿ ಇಳಿಯುವುದಕ್ಕೂ ಸುಸ್ತು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಈಗ ನನಗೆ ಎಲ್ಲದಕ್ಕೂ ಸುಸ್ತು. ಮೆಟ್ಟಿಲು ಹತ್ತಿದರೆ ಸುಸ್ತು, ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತರೂ ಸುಸ್ತು. ಆದರೆ ಇವೆಲ್ಲ ಮರಿ ಸುಸ್ತುಗಳು. ನಿಜವಾದ ಸುಸ್ತನ್ನು ನಾನು ಒಂದೇ ಸಲ ಕಂಡಿದ್ದೇನೆ, ತೊಂಬತ್ತರ ದಶಕದ ಆರಂಭದಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ. ಅದು ಇನ್ನೂ ಪೂರ್ತಿ ಇಳಿದಿಲ್ಲ ಎಂದೇ ನನ್ನ ಅನುಮಾನ.

ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ಒಂದು ಪುಟ್ಟ ಹಳ್ಳಿ. ಅಪ್ಪ ಹೊಲದ ಜೊತೆಗೆ ಊರಿನ ಅಂಚೆಯನ್ನೂ ನೋಡಿಕೊಳ್ಳುತ್ತಿದ್ದರು. ಜಗಲಿಯ ಮೂಲೆಯಲ್ಲಿ ಒಂದು ಮೇಜು, ಒಂದು ತಕ್ಕಡಿ, ಒಂದು ಮುದ್ರೆ, ಅದೇ ಪೋಸ್ಟಾಫೀಸು. ಆ ಮುದ್ರೆಯ ಮೇಲೆ ಅಪ್ಪನಿಗೆ ಇದ್ದಷ್ಟು ಭಕ್ತಿ ಮನೆದೇವರ ಮೇಲೂ ಇರಲಿಲ್ಲ. ಅವರ ಸೈಕಲ್ ಕಪ್ಪಗೆ, ಎತ್ತರವಾಗಿ, ಎಮ್ಮೆಯಷ್ಟು ಭಾರವಾಗಿತ್ತು. ನಾನು ಸೈಕಲ್ ಕಲಿತದ್ದು ಅದರ ಮೇಲಲ್ಲ, ಅದರ ಒಳಗೆ. ಸೀಟಿಗೆ ಕಾಲು ಹಾರಿಸಲು ಎಟುಕದ ಹುಡುಗರೆಲ್ಲ ಬಾರಿನ ಕೆಳಗಿಂದ ಕಾಲು ತೂರಿಸಿ, ಸೊಂಟ ವಾರೆ ಮಾಡಿಕೊಂಡು ಒಳಪೆಡ್ಲು ಹೊಡೆಯುತ್ತಿದ್ದೆವು. ನಾಲ್ಕು ವರ್ಷ ಹಾಗೆ ಹೊಡೆದು ನನ್ನ ನಡಿಗೆಯೇ ಒಂದು ಕಡೆಗೆ ವಾಲಿತು ಎಂದು ಅಮ್ಮ ಎಲ್ಲರ ಮುಂದೆ ಹೇಳುತ್ತಿದ್ದಳು.

ಇನ್ನು ಜಗಳದ ವಿಷಯ. ನಾವು ಹೊಸಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಅಮ್ಮನ ತಮ್ಮ ಪಿಳ್ಳಪ್ಪ ಮಾವನನ್ನು ಕರೆಯಬೇಕಾಗಿತ್ತು. ಮಾವ ಇದ್ದದ್ದು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ, ಅಂದರೆ ಜಿಲ್ಲೆಯ ಆ ತುದಿಗೆ. ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಅಪ್ಪ ಪತ್ರಿಕೆಯನ್ನು ಅಂಚೆಯಲ್ಲಿ ಕಳಿಸಿದರು. ಅಂಚೆಯದು ಏನೂ ತಪ್ಪಿಲ್ಲ. ಪತ್ರಿಕೆ ಮೂರೇ ದಿನಕ್ಕೆ ಸರಿಯಾಗಿ ತಲುಪಿತು, ತೊಂದರೆಯಾದದ್ದೇ ಅದರಿಂದ. ನಮ್ಮ ಕಡೆ ಕರೆಯುವುದೆಂದರೆ ಅದಕ್ಕೊಂದು ಕ್ರಮವಿದೆ. ಮನೆಗೆ ಹೋಗಬೇಕು, ಹೊಸಿಲು ದಾಟಿ ಒಳಗೆ ಕೂರಬೇಕು, ಮನೆಯ ಹೆಂಗಸಿಗೆ ಕುಂಕುಮ ಕೊಟ್ಟು, ಆಮೇಲೆ ಪತ್ರಿಕೆ ಕೈಗಿಟ್ಟು "ಮನೆಮಂದಿಯೆಲ್ಲ ಬರ್ಬೇಕು" ಎಂದು ಬಾಯಿಬಿಟ್ಟು ಹೇಳಬೇಕು. ಇಷ್ಟೂ ಆಗದಿದ್ದರೆ ಅದು ಕರೆದಂತಲ್ಲ, ತಿಳಿಸಿದಂತೆ. ಮಾವನ ಹೆಂಡತಿ ಜಯಮ್ಮತ್ತೆ ಆ ಕಾರ್ಡನ್ನು ತಿರುಗಿಸಿ ನೋಡಿ, "ಸ್ವಂತ ತಮ್ಮನ ಮನೇಗೆ ಕಾಗ್ದ ಹಾಕೋರ ಮನೇಗೆ ನಾವ್ ಹೋಗ್ಬೇಕಾ?" ಎಂದಳಂತೆ. ಅವರು ಬರಲಿಲ್ಲ. ಅಪ್ಪ, "ಸರ್ಕಾರದ ಮುದ್ರೆ ಬಿದ್ಮೇಲೆ ಇನ್ನೇನ್ ಮರ್ಯಾದೆ ಬೇಕಂತೆ ಅವ್ರಿಗೆ?" ಎಂದರು. ಆರು ವರ್ಷ ಎರಡು ಮನೆಗೂ ಹೋಗು ಬಾ ಇಲ್ಲದಂತಾಯಿತು. ಗೌರಿಹಬ್ಬಕ್ಕೆ ಅಮ್ಮನಿಗೆ ತವರಿನಿಂದ ಬಾಗಿನ ಬರುವುದು ನಿಂತಿತು. ಹಬ್ಬದ ದಿನ ಅಮ್ಮ ಸುಮ್ಮನೆ ಬಾಗಿಲಿಗೆ ಬಂದು ನಿಂತು, ರಸ್ತೆ ನೋಡಿ ಒಳಗೆ ಹೋಗುತ್ತಿದ್ದಳು.

ಹೀಗಿರುವಾಗ ಸರೋಜಕ್ಕನ ಮದುವೆ ಗೊತ್ತಾಯಿತು. ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅಕ್ಕನಿಗೆ ಇದ್ದವನು ಒಬ್ಬನೇ. ದೂರದ ಸಂಬಂಧದ ಯಾರನ್ನಾದರೂ ನಿಲ್ಲಿಸಿದರಾಯಿತು ಎಂದರು ಅಪ್ಪ. ಅಮ್ಮ ಅಳಲಿಲ್ಲ, ಕೂಗಾಡಲಿಲ್ಲ. "ನನ್ ತಮ್ಮ ಬದ್ಕಿರೋವಾಗ ಇನ್ನೊಬ್ನ ಕೈ ಹಿಡ್ಕೊಂಡು ನನ್ ಮಗಳು ಹಸೇಗ್ ಬಂದ್ರೆ, ನಾನ್ ಆ ಮಂಟಪದ್ ಹತ್ರ ನಿಲ್ಲಲ್ಲ" ಎಂದಳು. ಅಪ್ಪ ಹೋಗುವುದಿಲ್ಲವೆಂದರು, ಆರು ವರ್ಷ ಕರೆಯದ ತವರಿಗೆ ತಾನಾಗಿ ಹೋಗಲು ಅಮ್ಮನಿಗೆ ಮನಸ್ಸಿಲ್ಲ. ಉಳಿದವನು ನಾನು.

ಬಸ್ಸಿನಲ್ಲಿ ಹೋಗಬಹುದಿತ್ತು. ನಾಲ್ಕು ಕಡೆ ಇಳಿದು ಹತ್ತಬೇಕು, ಅಷ್ಟೆ. ಆದರೆ ಊರ ಅರಳೀಕಟ್ಟೆಯ ಮೇಲೆ ಕೂತಿದ್ದ ನನ್ನ ಗೆಳೆಯ ಕೆಂಪ, "ಸೈಕಲ್ಲಲ್ ಹೋಗಕ್ಕಾಗುತ್ತೇನ್ಲಾ ಅಲ್ಲೀಗೆ?" ಎಂದ. ಸುಮ್ಮನೆ ಕೇಳಿದ್ದ, ಪಾಪ. ನಾನು, "ಯಾಕಾಗಲ್ಲ? ಹೋಗಿ, ಊಟ ಮಾಡಿ, ಮಾರನೇ ದಿನ ಬಂದ್ಬಿಡ್ತೀನಿ ಕಣೋ" ಎಂದುಬಿಟ್ಟೆ. ಅಂದಮೇಲೆ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಮ್ಮ ಆ ಅಲ್ಯೂಮಿನಿಯಂ ಡಬ್ಬಿಗೆ ಕುಂಕುಮ ತುಂಬಿಕೊಟ್ಟಳು.

ಕತ್ತಲು ಹರಿಯುವ ಮೊದಲೇ ಹೊರಟೆ. ದೊಡ್ಡಬಳ್ಳಾಪುರದವರೆಗೆ ನಾನೊಬ್ಬ ವೀರ. ಊರೊಳಗೆ ಮಗ್ಗಗಳ ಟಕಟಕ ಕೇಳುತ್ತಾ, ಅದಕ್ಕೆ ಸರಿಯಾಗಿ ಪೆಡಲ್ ತುಳಿಯುತ್ತಾ ಹೋದೆ. ದೇವನಹಳ್ಳಿಯ ದಾರಿಯಲ್ಲಿ ಎದುರುಗಾಳಿ ಶುರುವಾಯಿತು. ಏಪ್ರಿಲ್ ತಿಂಗಳ ಬಿಸಿಗಾಳಿ. ಬಸ್ಸಿನಲ್ಲಿ ಹೋಗುವಾಗ ಅಂಗೈಯಷ್ಟು ಸಮನಾಗಿ ಕಾಣುತ್ತಿದ್ದ ರಸ್ತೆ ಸೈಕಲ್ಲಿಗೆ ತನ್ನ ಏರುಗಳನ್ನೆಲ್ಲ ಒಂದೊಂದಾಗಿ ತೋರಿಸಿತು. ಏರು ಇದ್ದಲ್ಲೆಲ್ಲ ಇಳಿಜಾರೂ ಇರುತ್ತದೆ ಅನ್ನುತ್ತಾರಲ್ಲ, ಅಂಥದ್ದೇನೂ ನನಗೆ ಕಾಣಲಿಲ್ಲ. ದೇವನಹಳ್ಳಿಯಲ್ಲಿ ಒಂದು ಚಕ್ಕೋತ ಕೊಂಡು ರಸ್ತೆಬದಿಯಲ್ಲೇ ಕೂತು ಅರ್ಧ ತಿಂದೆ. ಎದ್ದು ಮತ್ತೆ ಸೀಟಿನ ಮೇಲೆ ಕೂತಾಗ ಕಣ್ಣಲ್ಲಿ ನೀರು ಬಂತು. ಎಲ್ಲಿ ನೋಯುತ್ತಿತ್ತು ಎಂದು ಬರೆಯಲಾರೆ, ಸೈಕಲ್ ತುಳಿದವರಿಗೆ ಗೊತ್ತು.

ಬೂದಿಗೆರೆ ತಲುಪುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಟೀ ಅಂಗಡಿಯ ಮುಂದೆ ಸೈಕಲ್ ಒರಗಿಸಿ ಬೆಂಚಿನ ಮೇಲೆ ಕುಸಿದೆ. ಪಕ್ಕದಲ್ಲಿ ಬನ್ನನ್ನು ಟೀಗೆ ಅದ್ದಿ ತಿನ್ನುತ್ತಿದ್ದವರು ನನ್ನನ್ನೇ ನೋಡಿ, "ಯಾರೋ ಇದು? ನಮ್ಮಕ್ಕನ್ ಮಗ ನಾಗ ಅಲ್ವಾ?" ಎಂದರು. ಪಿಳ್ಳಪ್ಪ ಮಾವ! ಯಾವುದೋ ಸೀಮೆಹಸು ನೋಡಲು ಬಂದಿದ್ದರಂತೆ. ಆರು ವರ್ಷದ ಜಗಳ ಅವರ ಮುಖದ ಮೇಲೆ ಎಲ್ಲೂ ಇರಲಿಲ್ಲ. ನನ್ನ ಬೆನ್ನು ಸವರಿದರು, ನನಗೂ ಒಂದು ಬನ್ನು ಹೇಳಿದರು, ವಿಷಯ ಕೇಳಿ ಕಣ್ಣು ಒರೆಸಿಕೊಂಡರು.

"ಈ ಬಿಸ್ಲಲ್ಲಿ ಜಡಿಗೇನಳ್ಳೀವರ್ಗೂ ತುಳ್ಕೊಂಡ್ ಹೋಗ್ತೀಯೇನೋ? ಸತ್ತೋಗ್ತೀಯ. ಪತ್ರಿಕೆ ಇಲ್ಲೇ ಕೊಡು. ನಾನೇ ಸಿಕ್ಕಿದ್ನಲ್ಲಪ್ಪಾ, ಇನ್ನೇನು?"

ನನ್ನ ಎರಡೂ ತೊಡೆಗಳು ಆ ಮಾತಿಗೆ ತಲೆಯಾಡಿಸಿದವು. ನಾನು ಪತ್ರಿಕೆ ಕೊಟ್ಟೆ. ಟೀ ಲೋಟಗಳ ಗುಂಡುಗುಂಡು ಗುರುತು ಬಿದ್ದ ಆ ಮೇಜಿನ ಮೇಲೆ ಇಟ್ಟು, "ಎಲ್ರೂ ಬರ್ಬೇಕು ಮಾವ" ಎಂದೆ. "ಬರ್ದೆ ಇರ್ತೀವಾ?" ಎಂದರು. ಇಷ್ಟು ಸುಲಭದ ಕೆಲಸಕ್ಕೆ ದೊಡ್ಡವರು ಆರು ವರ್ಷ ಕಾದರಲ್ಲ ಎಂದು ಅವರನ್ನೆಲ್ಲ ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಸೈಕಲ್ ತಿರುಗಿಸಿದೆ.

ಸಂಜೆ ಮನೆ ಸೇರಿದಾಗ ಅಮ್ಮ ಬಾಗಿಲಲ್ಲೇ ಇದ್ದಳು. "ಇಷ್ಟು ಬೇಗ ಬಂದ್ಬಿಟ್ಟ್ಯಾ?" ಎಂದಳು. ನಾನು ಹೆಮ್ಮೆಯಿಂದ ಎಲ್ಲ ಹೇಳಿದೆ. ಅಮ್ಮ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ತೆರೆದಳು. ಕುಂಕುಮ ತುಂಬಿದ್ದು ತುಂಬಿದ ಹಾಗೇ ಇತ್ತು.

"ನಿಮ್ಮತ್ತೇನ ಕರದ್ಯಾ?"

"ಎಲ್ರೂ ಬರ್ತೀವಿ ಅಂದ್ರಲ್ಲಮ್ಮಾ ಮಾವ."

ಅಮ್ಮ ಹೊಸಿಲ ಮೇಲೆ ಕೂತುಬಿಟ್ಟಳು. "ಅಯ್ಯೋ ಬೆಪ್ಪೇ. ಅವತ್ತು ಕೋಪ ಬಂದಿದ್ದು ಅವನ್ಗಲ್ಲ ಕಣೋ, ಅವಳಿಗೆ. ಅವಳು ಹೊರಡ್ದೆ ಅವನು ಹೆಂಗ್ ಹೊರಡ್ತಾನೆ? ಅವರ್ ಮನೆ ಹೊಸ್ಲು ಕಾಣ್ದೆ, ಕುಂಕುಮ ಕೊಡ್ದೆ, ಟೀ ಅಂಗಡೀಲಿ ಕರ್ದು ಬಂದಿದೀಯಲ್ಲೋ." ನಾನು ನೂರು ಕಿಲೋಮೀಟರು ತುಳಿದು ಬಂದಿದ್ದೇನೆ ಎಂದು ನೆನಪಿಸಲು ನೋಡಿದೆ. ಯಾರಿಗೂ ಅದು ಬೇಕಾಗಿರಲಿಲ್ಲ. ಜಗಲಿಯ ಮೇಜಿನ ಹಿಂದಿನಿಂದ ಅಪ್ಪ, "ಪೋಸ್ಟಲ್ಲಿ ಹಾಕಿದ್ರೆ ಆಗ್ತಿತ್ತು, ಸುಮ್ನೆ ಟಯರ್ ಸವೆಸ್ಕೊಂಡ್ ಬಂದ" ಎಂದರು. ಅಮ್ಮ ಅವರತ್ತ ನೋಡಿದ ನೋಟಕ್ಕೆ ಅಪ್ಪ ಮುದ್ರೆ ಒರೆಸತೊಡಗಿದರು.

ನಾಲ್ಕು ದಿನ ನಾನು ಗೋಡೆ ಹಿಡಿದು ನಡೆದೆ. ಕೂರಲು ಆಗುತ್ತಿರಲಿಲ್ಲ, ಕೂತರೆ ಏಳಲು ಆಗುತ್ತಿರಲಿಲ್ಲ. ಈ ಸಲ ಬಸ್ಸಿನಲ್ಲೇ ಹೋಗಿ ಬರುತ್ತೇನೆ ಎಂದು ನಿರ್ಧರಿಸಿ, ಚಪ್ಪರದ ಕೆಲಸ ಅದೂ ಇದೂ ಎಂದು ಒಂದು ವಾರ ತಳ್ಳಿದೆ. ಕೊನೆಗೆ ಮದುವೆಗೆ ಮೂರು ದಿನ ಇರುವಾಗ ಹೊರಟು ನಿಂತರೆ, ಬಸ್ಸಿನವರು ಮುಷ್ಕರ ಹೂಡಿದ್ದರು. ಒಂದು ಬಸ್ಸೂ ಇಲ್ಲ. ಮೊದಲ ಸಲ ನನ್ನ ಜಂಬಕ್ಕೆ ಸೈಕಲ್ ಹತ್ತಿದ್ದೆ, ಎರಡನೆಯ ಸಲ ಗತಿಯಿಲ್ಲದೆ ಹತ್ತಿದೆ. ಅರಳೀಕಟ್ಟೆಯ ಮೇಲಿಂದ ಕೆಂಪ, "ಏನ್ ಗುರು, ಅಭ್ಯಾಸ ಆಗೋಯ್ತಾ?" ಎಂದ. ಅವನನ್ನು ಬೈಯುವುದಕ್ಕೂ ಉಸಿರು ಉಳಿಸಿಕೊಳ್ಳಬೇಕಾಗಿತ್ತು.

ಆ ಎರಡನೆಯ ಸವಾರಿಯನ್ನು ವರ್ಣಿಸಲು ನನಗೆ ಆಗುವುದಿಲ್ಲ, ಯಾಕೆಂದರೆ ನೆನಪಿರುವುದು ಮುಂದಿನ ಚಕ್ರ ಮಾತ್ರ. ದೊಡ್ಡಬಳ್ಳಾಪುರದ ಮಗ್ಗಗಳು ಹೊಡೆದುಕೊಂಡವೋ ಇಲ್ಲವೋ ಗೊತ್ತಿಲ್ಲ. ದೇವನಹಳ್ಳಿ ದಾಟಿದ ಮೇಲೆ ಪಂಕ್ಚರ್ ಆಯಿತು, ಅಂಗಡಿ ಸಿಗುವವರೆಗೆ ನೀಲಗಿರಿ ತೋಪುಗಳ ಪಕ್ಕ ತಳ್ಳಿಕೊಂಡು ನಡೆದೆ. ಬೂದಿಗೆರೆಯ ಆ ಟೀ ಅಂಗಡಿ ಕಂಡಾಗ ಮುಖ ಆ ಕಡೆ ತಿರುಗಿಸಿಕೊಂಡೆ. ಅದರಿಂದಾಚೆ ಜಲ್ಲಿ ಹರಡಿದ ರಸ್ತೆ. ಡಬ್ಬಿ, ಪತ್ರಿಕೆಗಳಿದ್ದ ಬಟ್ಟೆಚೀಲವನ್ನು ಬೆನ್ನಿಗೆ ಕಟ್ಟಿಕೊಂಡಿದ್ದೆ. ಅದು ಕುಲುಕಿ ಕುಲುಕಿ ಬೆನ್ನಿಗೆ ಬಡಿಯುತ್ತಿತ್ತು. ಅಂಗಿ ಬೆವರಿಗೆ ತೊಯ್ದು ಮೈಗೆ ಅಂಟಿಕೊಂಡಿತ್ತು. ದಾರಿಯಲ್ಲಿ ಒಂದು ಸಲ ಹಳ್ಳಕ್ಕೆ ಬಿದ್ದು ಎದ್ದೆ. ಎದ್ದದ್ದು ಯಾಕೆ ಅಂತ ಈಗಲೂ ಯೋಚಿಸುತ್ತೇನೆ, ಅಲ್ಲೇ ಮಲಗಿದ್ದರೆ ಚೆನ್ನಾಗಿತ್ತು.

ಹೊಸಕೋಟೆ ದಾಟಿದ ಮೇಲೆ ಒಂದು ವಿಚಿತ್ರ ಗಮನಿಸಿದೆ. ನಾನು ದಾಟಿ ಹೋದವರೆಲ್ಲ ಹಿಂದಿನಿಂದ ಕೂಗುತ್ತಿದ್ದರು. ಬೋರ್‌ವೆಲ್ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಎತ್ತಿನಗಾಡಿಯ ಮುದುಕನೊಬ್ಬ ಎದ್ದು ನಿಂತು, "ಲೇ ತಮ್ಮಾ! ನಿಂತ್ಕೊಳ್ಳಲಾ!" ಎಂದು ಅರಚಿದ. ಅಷ್ಟು ದೂರದಿಂದ ಒಬ್ಬನೇ ತುಳಿದುಕೊಂಡು ಬಂದಿರುವುದು ಇವರಿಗೆ ಹೇಗೋ ತಿಳಿದಿದೆ, ಮೆಚ್ಚಿಕೊಂಡಿದ್ದಾರೆ ಎಂದು ನಾನು ತಿಳಿದೆ. ಒಂದು ಕೈ ಎತ್ತಿ ಬೀಸಿದೆ ಕೂಡ. ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತಲು ನನ್ನಿಂದ ಸಾಧ್ಯವಿರಲಿಲ್ಲ.

ಜಡಿಗೇನಹಳ್ಳಿಯಲ್ಲಿ ಜಯಮ್ಮತ್ತೆ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ನನ್ನನ್ನು ಕಂಡರೂ ಕೈಯಲ್ಲಿದ್ದ ಗುಂಡುಕಲ್ಲು ನಿಲ್ಲಲಿಲ್ಲ. ಮಾವ ಒಳಬಾಗಿಲಲ್ಲಿ ಒಮ್ಮೆ ಇಣುಕಿ ಮಾಯವಾದರು.

"ಬಾಪ್ಪ. ಯಾರ್ ಮನೇಗ್ ಬಂದೆ?" ಎಂದಳು ಅತ್ತೆ.

"ನಿಮ್ಮನೇಗೇ ಅತ್ತೆ. ಅಕ್ಕನ್ ಮದ್ವೆಗೆ ಕರ್ಯಕ್ ಬಂದೆ."

"ಓ, ಕರದ್ಬಿಟ್ಟಿದೀಯಲ್ಲ ಆಗ್ಲೇ! ಹತ್ತು ದಿನದಿಂದ ಕೊಟ್ಟಿಗೆ ಸೂರಲ್ಲಿ ಬಚ್ಚಿಟ್ಕೊಂಡಿದ್ರು ನಿಮ್ಮಾವ, ಮೊನ್ನೆ ಕೈಗ್ ಸಿಕ್ತು. ಹೋದ್ಸಲ ಪೋಸ್ಟಲ್ಲಿ ಕರದ್ರಿ, ಈ ಸಲ ಟೀ ಅಂಗಡೀಲಿ ಕರದ್ರಿ. ಇನ್ನೊಂದ್ಸಲ ಸಂತೇಲಿ ತಮಟೆ ಹೊಡ್ಸಿ ಕರೀರಿ."

ಒಳಗಿನಿಂದ ಮಾವ ಕೆಮ್ಮಿದರು. ನಾನು ಹೊಸಿಲು ದಾಟಿ, ಅಮ್ಮ ಹೇಳಿಕೊಟ್ಟಿದ್ದಂತೆ ನೆಲದ ಮೇಲೆ ಕೂತು, ಅತ್ತೆ ಎದುರಿಗೆ ಬಂದು ನಿಂತ ಮೇಲೆ ಚೀಲ ಬಿಚ್ಚಿ ಡಬ್ಬಿ ತೆಗೆದೆ. ಹಳ್ಳಕ್ಕೆ ಬಿದ್ದಾಗ ಒಂದು ಪಕ್ಕ ನೆಗ್ಗಿ, ಮುಚ್ಚಳ ಬೇರೆ, ಡಬ್ಬಿ ಬೇರೆ ಆಗಿತ್ತು. ಒಳಗೆ ಏನೂ ಇರಲಿಲ್ಲ. ಚೀಲ ಕೊಡವಿದರೆ ಕೆಂಪಗಾದ ಪತ್ರಿಕೆಗಳು ಬಿದ್ದವು. ಆಮೇಲೆ ಅತ್ತುಬಿಟ್ಟೆ. ಇಪ್ಪತ್ತು ವರ್ಷದ ಗಂಡಸು, ಮೀಸೆ ಬಂದಿತ್ತು, ಹೋ ಎಂದು ಅಳುತ್ತಿದ್ದೆ. ಅಮ್ಮ ಮಂಟಪದ ಹತ್ತಿರ ನಿಲ್ಲುವುದಿಲ್ಲ ಎಂದದ್ದು ನೆನಪಾಯಿತು. ಇನ್ನೊಂದು ಸಲ ತುಳಿಯಲು ಕಾಲಿಲ್ಲ ಅನ್ನುವುದೂ ನೆನಪಾಯಿತು.

"ನೀರ್ ಕುಡ್ಕೊಂಡ್ ಬರ್ತೀನಿ ಅತ್ತೆ" ಎಂದು ಎದ್ದು ತಿರುಗಿದೆ. ಹಿಂದಿನಿಂದ ಅತ್ತೆ ಕಿಟಾರನೆ ಕಿರುಚಿದಳು.

"ಅಯ್ಯಯ್ಯೋ! ರೀ, ಬನ್ರೀ ಇಲ್ಲಿ! ಮಗೀನ್ ಬೆನ್ನೆಲ್ಲ ರಕ್ತ!"

ಮಾವ ಓಡಿ ಬಂದರು. ಅತ್ತೆ ನನ್ನ ಬೆನ್ನು ಮುಟ್ಟಿದಳು, ಬೆರಳು ನೋಡಿಕೊಂಡಳು, ಮೂಸಿದಳು. "ಕುಂಕುಮ ಕಣ್ರೀ" ಎಂದಳು ಕೊನೆಗೆ. ಬೂದಿಗೆರೆಯಿಂದ ಇತ್ತ ಬರುವಷ್ಟರಲ್ಲಿ ಡಬ್ಬಿಯದೆಲ್ಲ ಚೀಲದಿಂದ ಸೋರಿ, ನನ್ನ ಬೆವರಲ್ಲಿ ನೆನೆದು, ಕುತ್ತಿಗೆಯಿಂದ ಸೊಂಟದವರೆಗೆ ಇಳಿದಿತ್ತು. ದಾರಿಯವರು ನನ್ನನ್ನು ಮೆಚ್ಚಿ ಕೂಗಿದ್ದಲ್ಲ ಎಂದು ಆಗ ತಿಳಿಯಿತು.

ಅತ್ತೆ ನಗತೊಡಗಿದಳು. ನಡುಮನೆಯ ಕಂಬ ಹಿಡಿದುಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಾ ನಗುತ್ತಾ ಅವಳ ಕಣ್ಣಲ್ಲೂ ನೀರು ಬಂತು. ಆಮೇಲೆ ಹುಣಸೆಹಣ್ಣಿನ ಕೈಯನ್ನು ತೊಳೆದುಕೊಂಡು ಬಂದು, "ತಿರುಕ್ಕೊಳ್ಳೋ" ಎಂದಳು. ನನ್ನ ಬೆನ್ನಿನಿಂದ ಬೆರಳಲ್ಲಿ ಕುಂಕುಮ ತೆಗೆದು ತನ್ನ ಹಣೆಗೆ ಇಟ್ಟುಕೊಂಡಳು, ತಾಳಿಗೂ ಹಚ್ಚಿಕೊಂಡಳು.

"ಹೂಂ, ಈಗ್ ಕರಿ" ಎಂದಳು.

"ಮನೆಮಂದಿಯೆಲ್ಲ ಬರ್ಬೇಕು ಅತ್ತೆ."

"ಬರ್ತೀವಿ ಕಣೋ. ನಾಳೆ ಹೋಗಿ ನಿಮ್ಮಮ್ಮಂಗ್ ಹೇಳು, ಜಯಮ್ಮ ಬರ್ತಾಳಂತೆ ಅಂತ. ಈಗ ಅಂಗಿ ಬಿಚ್ಚು, ಸ್ನಾನ ಮಾಡು, ಮುದ್ದೆ ತಿನ್ನು."

ಊರಿಗೆ ಫೋನಿಲ್ಲ. ಸುದ್ದಿ ಮುಟ್ಟದೆ ಅಮ್ಮ ಅಲ್ಲಿ ಊಟ ಬಿಟ್ಟು ಕೂತಿರುತ್ತಾಳೆ. ಆದ್ದರಿಂದ ಮಾರನೆಯ ದಿನ ಅಷ್ಟೂ ದಾರಿಯನ್ನು ಮತ್ತೆ ವಾಪಸು ತುಳಿದೆ. ಮನೆ ತಲುಪಿ, "ಅತ್ತೆ ಬರ್ತಾರಂತೆ" ಎಂದಷ್ಟೇ ಹೇಳಿದೆ. ಅಮ್ಮ ಆ ಕೆಂಪು ಅಂಗಿಯನ್ನು ಎತ್ತಿ ಹಿಡಿದು, ಕಥೆ ಕೇಳಿ, ಒಗೆಯಲು ಹಾಕದೆ ಒಳಗೆ ತೆಗೆದಿಟ್ಟಳು. ಮರುದಿನ ಟ್ರ್ಯಾಕ್ಟರ್ ಬಂತು. ಟ್ರೇಲರಿನಿಂದ ಮೊದಲು ಇಳಿದದ್ದು ಜಯಮ್ಮತ್ತೆ, ಆರು ವರ್ಷದ ಬಾಗಿನವನ್ನೆಲ್ಲ ಸೇರಿಸಿ ತಂದವಳ ಹಾಗೆ ತಲೆಯ ಮೇಲೊಂದು ದೊಡ್ಡ ಬುಟ್ಟಿ. ಅಪ್ಪ ಎದುರಿಗೆ ಹೋಗಿ, ಏನು ಹೇಳಬೇಕೆಂದು ತಿಳಿಯದೆ ಆ ಬುಟ್ಟಿಗೆ ಕೈಕೊಟ್ಟು ಇಳಿಸಿಕೊಂಡರು.

ಮುಹೂರ್ತದ ಬೆಳಿಗ್ಗೆ ಅಕ್ಷತೆಗೆ ಇನ್ನಷ್ಟು ಅಕ್ಕಿ ತಾ ಎಂದು ನನ್ನನ್ನು ಉಗ್ರಾಣದ ಕೋಣೆಗೆ ಕಳಿಸಿದರು. ಅಕ್ಕಿಮೂಟೆ ಕಂಡಿತು. ಎರಡು ನಿಮಿಷ ಕೂರೋಣ ಎಂದು ಕೂತೆ.

ಎಚ್ಚರವಾದಾಗ ಹೊರಗೆ ಎರಡನೆಯ ಪಂಕ್ತಿಯ ಎಲೆ ಎತ್ತುತ್ತಿದ್ದರು. ಮೈಮೇಲೆ ಯಾರದೋ ಹಳೆಯ ಸೀರೆ ಹೊದಿಸಿತ್ತು. ಬಾಗಿಲಿಗೆ ಹೊರಗಿನಿಂದ ಚಿಲಕ. ಬಡಿದ ಮೇಲೆ ಜಯಮ್ಮತ್ತೆ ಬಂದು ತೆಗೆದಳು. ಬಾಳೆಹಣ್ಣಿಗೆ ಬಂದಾಗ ನನ್ನನ್ನು ಕಂಡಿದ್ದಳಂತೆ, ಯಾರೂ ಹೋಗಿ ಎಬ್ಬಿಸದಿರಲಿ ಎಂದು ಅವಳೇ ಚಿಲಕ ಹಾಕಿದ್ದಳು. ಮದುವೆಯ ಆಲ್ಬಂ ಈಗಲೂ ಇದೆ. ಪಿಳ್ಳಪ್ಪ ಮಾವ ಅಕ್ಕನ ಕೈಹಿಡಿದು ಮಂಟಪಕ್ಕೆ ಕರೆತರುತ್ತಿದ್ದಾರೆ. ಪಕ್ಕದಲ್ಲೇ ಅಮ್ಮ ನಿಂತಿದ್ದಾಳೆ, ಅಷ್ಟು ಅಗಲವಾಗಿ ನಕ್ಕ ಅಮ್ಮನ ಫೋಟೋ ಇನ್ನೊಂದಿಲ್ಲ. ಕೆಂಪನೂ ಇದ್ದಾನೆ, ಹಲ್ಲು ಕಿರಿದುಕೊಂಡು. ಯಾವ ಫೋಟೋದಲ್ಲೂ ನಾನಿಲ್ಲ. ಯಾವುದಕ್ಕಾಗಿ ಅಷ್ಟು ದೂರ ತುಳಿದೆನೋ ಅದನ್ನು ನಾನು ಆಲ್ಬಮ್ಮಿನಲ್ಲಿ ಮಾತ್ರ ನೋಡಿದ್ದೇನೆ.

ಹೆಂಡತಿ ಕೆಳಗಿನಿಂದ ಕೂಗಿದಳು, "ನಟ್ಟು ಸಿಕ್ತಾ, ಇಲ್ಲಾ ಅಲ್ಲೇ ಮಲ್ಕೊಂಡ್ರಾ?" ಮಲಗಿರಲಿಲ್ಲ. ಹೋದ ವಾರದ ಮಾತು ನೆನೆಸಿಕೊಳ್ಳುತ್ತಿದ್ದೆ. ಸರೋಜಕ್ಕ ಬಂದಿದ್ದಳು, ಮಗಳ ಮದುವೆಗೆ ಕರೆಯಲು. ಮೊಬೈಲಿಗೆ ಕಳಿಸಿದ್ದರೆ ಆಗುತ್ತಿರಲಿಲ್ಲವೇ ಎಂದರೆ ಕಣ್ಣು ಬಿಟ್ಟಳು. ಹೊಸಿಲು ದಾಟಿ ಒಳಗೆ ಕೂತು, ನನ್ನ ಹೆಂಡತಿಗೆ ಕುಂಕುಮ ಕೊಟ್ಟು, ಪತ್ರಿಕೆಯನ್ನು ನನ್ನ ಕೈಗಿಟ್ಟಳು. ಅವಳ ಮಗಳಿಗೆ ಇರುವ ಸೋದರಮಾವ ನಾನೊಬ್ಬನೇ. ಹೊರಡುವಾಗ ಬಾಗಿಲಲ್ಲಿ ನಿಂತು, ನನ್ನ ಮೊಣಕಾಲನ್ನೂ ಮುಖವನ್ನೂ ನೋಡಿ ಅಂದಳು:

"ನನ್ ಮದ್ವೆಗಂತೂ ನೀನ್ ಬರ್ಲಿಲ್ಲ. ಇವಳ್ ಮದ್ವೇಲಾದ್ರೂ ಎಚ್ರ ಇರೋ, ನಾಗಾ."